ಪಂಢರಿನಾಥನ ತೋರುಬೆರಳು

ಬೆರಳಿಗೆ ಪೆಟ್ಟಾದರೆ ನಮ್ಮ ಮನೆಗಳಲ್ಲಿ ಮೊದಲು ತೆರೆಯುವುದು ಕಾಫಿಪುಡಿಯ ಡಬ್ಬ. ಇಲ್ಲವೇ ಅರಿಶಿನದ ಡಬ್ಬ. ಅದೂ ಸಾಲದಿದ್ದರೆ ಎಲೆಗೆ ಹಚ್ಚುವ ಸುಣ್ಣ. ಆಮೇಲೆ ಹಳೆಯ ಸೀರೆಯ ಅಂಚು ಹರಿದು ಬಿಗಿಯಾಗಿ ಸುತ್ತಿ, "ನಾಲ್ಕು ದಿನದಲ್ಲಿ ಒಣಗುತ್ತೆ ಬಿಡು" ಎನ್ನುತ್ತೇವೆ. ಒಣಗುವುದೂ ಉಂಟು. ಆದರೆ ಒಣಗಿದ್ದೆಲ್ಲ ವಾಸಿಯಾಯಿತೆಂದು ಅರ್ಥವಲ್ಲ. ಮದರಾಸಿನ ಒಂದು ಮನೆಯವರು ಇದನ್ನು ಹೇಗೆ ತಿಳಿದುಕೊಂಡರು, ಕೇಳಿ.

1962ನೆಯ ಇಸವಿ. ತಿರುವಲ್ಲಿಕ್ಕೇಣಿಯಲ್ಲಿ, ಸಮುದ್ರದ ಗಾಳಿ ಬರುವ ಒಂದು ಬೀದಿಯಲ್ಲಿ, ಒಂದು ಸ್ಟೋರ್ ಮನೆ. ಸ್ಟೋರ್ ಎಂದರೆ ಅಂಗಡಿಯಲ್ಲ. ಒಂದೇ ಹೆಬ್ಬಾಗಿಲು, ಒಂದೇ ಬಾವಿ, ಒಳಗೆ ಸಾಲಾಗಿ ಎಂಟು ಸಂಸಾರ. ಮೂರನೆಯ ಮನೆಯಲ್ಲಿ ಪಂಢರಿನಾಥ, ಅವನ ಹೆಂಡತಿ ಜಯಲಕ್ಷ್ಮೀ, ತಾಯಿ ಗೋದಾಬಾಯಿ. ಮೂರು ತಲೆಮಾರಿನಿಂದ ತಮಿಳು ಸೀಮೆಯಲ್ಲೇ ಇದ್ದ ಮಾಧ್ವ ಮನೆತನ ಅವರದು. ಮನೆಯೊಳಗೆ ಕನ್ನಡ, ಬಾಗಿಲಾಚೆ ತಮಿಳು, ಅವಸರದಲ್ಲಿ ಎರಡೂ. ಏಳನೆಯ ಮನೆಯಲ್ಲಿ ಬೇಬಿ ಮತ್ತು ಅವಳ ಗಂಡ ಐತಪ್ಪ ಇದ್ದರು. ಇಬ್ಬರೂ ಮಂಗಳೂರು ಕಡೆಯವರು. ಐತಪ್ಪ ಬೀದಿಯ ತುದಿಯ ಹೋಟೆಲಿನಲ್ಲಿ ಅಡುಗೆಯವನು. ಬೇಬಿ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು.

ಪಂಢರಿನಾಥ ಗುಂಡಣ್ಣನವರ ಕನ್ನಡ ಪ್ರೆಸ್ಸಿನಲ್ಲಿ ಕಂಪೋಸಿಟರ್. ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಆರಿಸಿ ಸಾಲು ಜೋಡಿಸುವ ಕೆಲಸ. ಮೊಳೆಯ ತಲೆಯ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ. ಪಕ್ಕದಲ್ಲಿ ಒಂದು ಸಣ್ಣ ಗೀರು. ಆ ಗೀರು ಬೆರಳಿಗೆ ತಾಗಿದರೆ ಮೊಳೆ ಸರಿಯಾಗಿ ನಿಂತಿದೆ ಎಂದು ಲೆಕ್ಕ. ಕಣ್ಣು ಹಸ್ತಪ್ರತಿಯ ಮೇಲಿದ್ದರೆ ಬೆರಳು ಮೊಳೆಯ ಮೇಲೆ. ಹದಿನಾಲ್ಕು ವರ್ಷದಿಂದ ಅವನ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡೂ ಕಣ್ಣಿನ ಹಂಗಿಲ್ಲದೆ ಓದುತ್ತಿದ್ದವು. ಮಧ್ಯಾಹ್ನ ಕಿಟಕಿಯಿಂದ ಉಪ್ಪುಗಾಳಿ ಬೀಸಿದಾಗ ಅವನ ರೆಪ್ಪೆ ಭಾರವಾಗುತ್ತಿತ್ತು. ಬೆರಳು ಮಾತ್ರ ತನ್ನ ಪಾಡಿಗೆ ಅಕ್ಷರ ಆರಿಸುತ್ತಲೇ ಇರುತ್ತಿತ್ತು, ನಿದ್ದೆಯಲ್ಲಿ ಯಾರೋ ಹಾಡು ಗುನುಗಿದ ಹಾಗೆ.

ಆಷಾಢದ ಒಂದು ಬೆಳಿಗ್ಗೆ ಕಾಲಿನಿಂದ ತುಳಿದು ಓಡಿಸುವ ಟ್ರೆಡಲ್ ಮೆಷಿನ್ನಿನಲ್ಲಿ ಮಠದ ಆರಾಧನೆಯ ಒಂದು ಕರೆಯೋಲೆ ಅಚ್ಚಾಗುತ್ತಿತ್ತು. ಒಂದು ಮೊಳೆ ಮೇಲೆದ್ದಿರುವುದು ಪಂಢರಿನಾಥನ ಕಣ್ಣಿಗೆ ಬಿತ್ತು. ಮೆಷಿನ್ ಪೂರ್ತಿ ನಿಲ್ಲುವ ಮೊದಲೇ ಅದನ್ನು ಒತ್ತಲು ಕೈ ಹಾಕಿದ. ಮೆಷಿನ್ನಿನ ಬಾಯಿ ಮುಚ್ಚಿಕೊಂಡಿತು.

ಕೈ ಎಳೆದುಕೊಂಡಾಗ ತೋರುಬೆರಳಿನ ಒಳಬದಿಯ ಚರ್ಮ ಸುಲಿದುಹೋಗಿತ್ತು. ಹೆಬ್ಬೆರಳಿನ ಕಡೆಯ ಪಕ್ಕದಲ್ಲಿ, ಗೆರೆ ಮೂಡಿಸಲು ಮೊಳೆಗಳ ನಡುವೆ ಇಡುವ ಹಿತ್ತಾಳೆ ಪಟ್ಟಿಯ ಅಂಚು ಆಳವಾಗಿ ಕೊಯ್ದಿತ್ತು. ಗುಂಡಣ್ಣ ಗಾಬರಿಯಲ್ಲಿ ಶಾಯಿ ಒರೆಸುವ ಬಟ್ಟೆಯನ್ನೇ ಸುತ್ತಿ ಅವನನ್ನು ರಿಕ್ಷಾ ಹತ್ತಿಸಿದರು.

"ಮನೆಗೆ ಹೋಗಪ್ಪ. ಅಮ್ಮ ಏನಾದ್ರೂ ಹಚ್ಚಿಕೊಡ್ತಾರೆ" ಎಂದರು. ಅವರು ಕೆಟ್ಟವರಲ್ಲ. ಅವರಿಗೂ ಗೊತ್ತಿದ್ದದ್ದು ಅಷ್ಟೇ.

ಗೋದಾಬಾಯಿ ಮಗನನ್ನು ನೋಡಿದವರೇ ಒಳಗೆ ಹೋಗಿ ಒಂದು ಹಿಡಿ ಕಾಫಿಪುಡಿ ತಂದು ಗಾಯಕ್ಕೆ ಒತ್ತಿದರು. ಮೇಲೆ ಸೀರೆಯ ಅಂಚು ಸುತ್ತಿ ಗಂಟು ಬಿಗಿದರು. ರಕ್ತ ನಿಂತಿತು. ಜಯಲಕ್ಷ್ಮೀ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದಳು.

ಅದೇ ಹೊತ್ತಿಗೆ ಬೇಬಿ ರಾತ್ರಿಯ ಡ್ಯೂಟಿ ಮುಗಿಸಿ ಬಂದಳು. ಬಾವಿಕಟ್ಟೆಯ ಹತ್ತಿರ ನೆಲದ ಮೇಲೆ ರಕ್ತದ ಹನಿಗಳು. ಹನಿಗಳ ದಾರಿ ಹಿಡಿದು ಮೂರನೆಯ ಮನೆಯ ಬಾಗಿಲಿಗೆ ಬಂದು ನಿಂತಳು.

"ಎಂತ ಆಯ್ತು ಗೋದಮ್ಮ?"

"ಒಂದೂ ಇಲ್ಲಮ್ಮ. ಮೆಷಿನ್‌ನಲ್ಲಿ ಬೆರಳು ನಸುಂಗಿ, ಜಜ್ಜಿ ಹೋಯ್ತು. ಕಾಫಿಪುಡಿ ಇಟ್ಟು ಕಟ್ಟಿದೀನಿ. ರಕ್ತ ನಿಂತಿದೆ. ಪರವಾಯಿಲ್ಲ."

"ಒಮ್ಮೆ ನೋಡುದಾ?"

"ಕಟ್ಟಿ ಆಯ್ತಲ್ಲ, ಅಪ್ಪುರಂ ಮತ್ತೆ ಯಾಕೆ ಬಿಚ್ಚೋದು?"

ಬೇಬಿ ಜಗುಲಿಯ ಮೇಲೆ ಪಂಢರಿನಾಥನ ಪಕ್ಕದಲ್ಲಿ ಕುಳಿತಳು. ಬೆರಳಿನ ತುದಿ ನೀಲಿಗಟ್ಟಿತ್ತು. "ಇದು ಉಸಿರುಗಟ್ಟಿದ ಬೆರಳು ಗೋದಮ್ಮ. ಹೀಗೆ ಬಿಗಿದರೆ ಉಳಿದದ್ದೂ ಸಾಯ್ತದೆ" ಎಂದು ಮೆಲ್ಲಗೆ ಗಂಟು ಸಡಿಲಿಸಿದಳು. ಆಮೇಲೆ, "ಅಣ್ಣ, ಕಣ್ಣು ಮುಚ್ಚಿ" ಎಂದಳು. ತಲೆಯಿಂದ ಒಂದು ಹೇರ್‌ಪಿನ್ ತೆಗೆದು, ಉಗುರಿನ ಪಕ್ಕದಲ್ಲಿ ಉಳಿದಿದ್ದ ಚರ್ಮಕ್ಕೆ ಅದರ ಬೆನ್ನು ತಾಗಿಸಿದಳು.

"ಗೊತ್ತಾಗ್ತದಾ?"

"ಏನು?"

"ನಾನು ಮುಟ್ಟಿದ್ದು."

"ನೀವಿನ್ನೂ ಮುಟ್ಟಿಲ್ಲವಲ್ಲ, ಬೇಬಿ."

ಅವಳು ಜಯಲಕ್ಷ್ಮೀಯ ಮುಖ ನೋಡಿದಳು. ಜಯಲಕ್ಷ್ಮೀಗೆ ಆಗಲೇ ಅರ್ಥವಾಗಿತ್ತು.

"ಚರ್ಮ ಮಾತ್ರ ಅಲ್ಲ, ಒಳಗೆ ನರವೂ ಕಡಿದಿದೆ" ಎಂದಳು ಬೇಬಿ. "ಮುಟ್ಟಿದ್ದನ್ನ ತಲೆಗೆ ಹೇಳುವುದು ಅದೇ. ಈಗಲೇ ಆಸ್ಪತ್ರೆಗೆ ಹೋಗುವ. ಹರಿದ ಚರ್ಮ ಎಲ್ಲುಂಟು? ತಂದಿದ್ದೀರಾ?"

ಯಾರೂ ತಂದಿರಲಿಲ್ಲ. ಅದನ್ನು ತರಬೇಕೆಂದು ಯಾರಿಗೂ ಹೊಳೆದೇ ಇರಲಿಲ್ಲ.

"ಆಸ್ಪತ್ರೆಗೆ ಹೋದ್ರೆ ಬೆರಳು ಕತ್ತರಿಸಿ ಕಳಿಸ್ತಾರೆ" ಎಂದರು ಗೋದಾಬಾಯಿ. "ನಾನು ನೋಡದ್ದಾ? ಮನೇಲೇ ವಾಸಿಯಾಗುತ್ತೆ. ಎಷ್ಟೋ ಜನಕ್ಕೆ ಆಗಿದೆ."

ಯಾವತ್ತೂ ಅತ್ತೆಯ ಮಾತಿಗೆ ಎದುರಾಡದ ಜಯಲಕ್ಷ್ಮೀ ಆವತ್ತು, "ಅತ್ತೆ, ನಾನು ಕರಕೊಂಡು ಹೋಗ್ತೀನಿ" ಎಂದಳು. ಬೇಬಿ ಕುದಿಸಿ ಆರಿಸಿದ ನೀರು ಕೇಳಿ ಪಡೆದು ಗಾಯದ ಮೇಲೆ ಸುರಿದಳು. ಒಗೆದು ಮಡಿಸಿಟ್ಟ ಪಂಚೆಯ ತುಂಡನ್ನು ಹಗುರವಾಗಿ ಸುತ್ತಿದಳು. "ಕೈ ಎದೆಗಿಂತ ಮೇಲೆ ಇರ್ಲಿ ಅಣ್ಣ. ಇಳಿಸ್ಬೇಡಿ" ಎಂದಳು. ಮೂವರೂ ಟ್ಯಾಕ್ಸಿ ಹಿಡಿದು ಹೊರಟರು. ದಾರಿಯುದ್ದಕ್ಕೂ ಪಂಢರಿನಾಥ ಯಾರಿಗೋ ಕೈಯೆತ್ತಿ ಕರೆಯುವವನಂತೆ ಕುಳಿತಿದ್ದ.

ಆಸ್ಪತ್ರೆಯಲ್ಲಿ ಕೈಯ ಗಾಯಗಳನ್ನು ನೋಡುತ್ತಿದ್ದವರು ಡಾಕ್ಟರ್ ತಿರುಮಲ. ಮೈಸೂರಿನಲ್ಲಿ ಓದಿ ಬಂದವರು, ಮೆಲುದನಿಯವರು. ಧನುರ್ವಾಯು ಬರದಂತೆ ಮೊದಲು ಇಂಜೆಕ್ಷನ್ ಕೊಡಿಸಿದರು. ಆಮೇಲೆ ಗಾಯ ತೊಳೆಯತೊಡಗಿದರು. ತೊಳೆದಷ್ಟೂ ಕಾಫಿಪುಡಿ ಬರುತ್ತಲೇ ಇತ್ತು. ಅದಕ್ಕೇ ಒಂದು ಗಂಟೆ ಹಿಡಿಯಿತು.

"ಇದೊಂದು ಇಲ್ಲದೆ ಇದ್ದಿದ್ರೆ ಇವತ್ತೇ ಆಪರೇಷನ್ ಮಾಡಬಹುದಿತ್ತು" ಎಂದರು. "ಈಗ ಎರಡು ದಿನ ಕಾಯಬೇಕು. ಗಾಯ ಕೀವಾಗದೆ ಶುದ್ಧವಾಗಿದೆ ಅಂತ ಖಾತ್ರಿಯಾಗಬೇಕು."

ಸಂಜೆ ಗೋದಾಬಾಯಿಯೂ ಬಂದರು. ಮಂಚದ ಪಕ್ಕದಲ್ಲಿ ನಿಂತು ಡಾಕ್ಟರು ಎಲ್ಲರಿಗೂ ಕೇಳುವಂತೆ ಹೇಳಿದರು. "ಎರಡು ದಾರಿ ಇದೆ. ಒಂದು, ತುದಿ ತೆಗೆದು ಬೆರಳು ಮೋಟು ಮಾಡಿ ಹೊಲಿಯೋದು. ಬೇಗ ವಾಸಿಯಾಗುತ್ತೆ. ಕೆಲವರಿಗೆ ಅದೇ ಒಳ್ಳೇದು. ಇನ್ನೊಂದು, ಕಡಿದ ನರದ ಎರಡು ತುದಿ ಹುಡುಕಿ ಜೋಡಿಸಿ, ಪಕ್ಕದ ನಡುಬೆರಳಿನ ಬೆನ್ನಿಂದ ಚರ್ಮ ಎತ್ತಿ ಇದರ ಮೇಲೆ ಹೊದಿಸೋದು. ಆ ಚರ್ಮ ಇಲ್ಲಿ ಬೇರು ಬಿಡೋವರೆಗೂ ಎರಡು ಬೆರಳೂ ಸೇರಿಕೊಂಡೇ ಇರಬೇಕು. ಎರಡು ಮೂರು ವಾರ."

"ಬೆರಳಿಗೆ ಬೆರಳು ಹೊಲಿಯೋದಾ?" ಗೋದಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡರು. "ಬೇಡವೇ ಬೇಡ ಡಾಕ್ಟ್ರೇ. ಗಾಯ ಇಲ್ಲದ ಬೆರಳನ್ನೂ ಯಾಕೆ ಕೆಡಿಸ್ತೀರಿ? ತುದಿ ಹೋದ್ರೆ ಹೋಗ್ಲಿ."

ಜಯಲಕ್ಷ್ಮೀ ಕೇಳಿದಳು. "ಚರ್ಮ ಎತ್ತಿದ ಜಾಗ ಏನಾಗುತ್ತೆ?"

"ತೋಳಿಂದ ತೆಳುವಾದ ಚರ್ಮ ತೆಗೆದು ಅಲ್ಲಿಗೆ ಹಾಕ್ತೀವಿ. ಗುರುತು ಉಳಿಯುತ್ತೆ. ಬೆರಳು ಕೆಲಸ ಮಾಡುತ್ತೆ."

"ಮುಟ್ಟಿದ್ದು ಮತ್ತೆ ಗೊತ್ತಾಗುತ್ತಾ?"

"ನರ ದಿನಕ್ಕೆ ಒಂದು ಸಾಸಿವೆಕಾಳಿನಷ್ಟು ಬೆಳೆಯುತ್ತೆ ಅಂತ ಇಟ್ಕೊಳ್ಳಿ. ತಿಂಗಳುಗಳು ಬೇಕು. ಪೂರ್ತಿ ಮೊದಲಿನ ಹಾಗೆ ಆಗುತ್ತೆ ಅಂತ ನಾನು ಮಾತು ಕೊಡಲ್ಲಮ್ಮ. ಬಹಳಷ್ಟು ಬರುತ್ತೆ ಅಂತ ನಂಬಿಕೆ ಇದೆ. ಆಮೇಲೆ ಅಭ್ಯಾಸ ಮಾಡೋದು ನಿಮ್ಮ ಕೈಲಿದೆ."

ಎಲ್ಲರೂ ಪಂಢರಿನಾಥನ ಕಡೆ ನೋಡಿದರು. "ಅಮ್ಮ, ನನಗೆ ಮೊಳೆ ಹಿಡಿಯೋದು ಬಿಟ್ಟರೆ ಬೇರೆ ಏನೂ ಬರಲ್ಲ" ಎಂದ ಅವನು. "ಎಷ್ಟು ತಿಂಗಳಾದರೂ ಆಗಲಿ. ಹೊಲಿಯಲಿ."

ಮೂರನೆಯ ದಿನ ಆಪರೇಷನ್. ಕಂಕುಳಲ್ಲಿ ಒಂದು ಸೂಜಿ ಚುಚ್ಚಿದರು. ಸ್ವಲ್ಪ ಹೊತ್ತಿಗೆ ತೋಳು ಅವನದಲ್ಲವೆಂಬಂತಾಯಿತು. ಅದು ಎಲ್ಲೋ ದೂರದಲ್ಲಿ, ನೀರಿನ ಮೇಲೆ ತೇಲುತ್ತಿರುವಂತೆ. ಅವನು ಎಚ್ಚರವಾಗಿಯೇ ಇದ್ದ, ಆದರೆ ಎಚ್ಚರವೆಂದರೂ ಅಲ್ಲ. ಮೇಲೆ ದೊಡ್ಡ ದೀಪ. ದೀಪದ ಸುತ್ತ ಬಿಳಿಯ ಮುಸುಕುಗಳು. ಯಾರೋ "ನೂಲು" ಎಂದರು. ಕೂದಲಿಗಿಂತ ಸಣ್ಣ ನೂಲು ಎಂದು ಬೇಬಿ ಹೇಳಿದ್ದು ನೆನಪಾಯಿತು. ಕಣ್ಣು ಮುಚ್ಚಿದರೆ ಅಚ್ಚುಮೊಳೆಗಳು ಮೀನುಗಳಂತೆ ಹಿಂಡುಹಿಂಡಾಗಿ ಈಜಿ ಹೋಗುತ್ತಿದ್ದವು. ಹಿಡಿಯಲು ಹೋದರೆ ಬೆರಳಿನ ಸಂದಿಯಿಂದ ಜಾರುತ್ತಿದ್ದವು. ಅವನಿಗೆ ಭಯವೇನೂ ಆಗಲಿಲ್ಲ.

ಆಮೇಲಿನ ಹದಿನೇಳು ದಿನ ತೋರುಬೆರಳು, ನಡುಬೆರಳು ಒಂದೇ ಕಟ್ಟಿನೊಳಗೆ ಮಲಗಿದವು, ಒಂದೇ ಹೊದಿಕೆಯಲ್ಲಿ ಮಲಗಿದ ಅಣ್ಣತಮ್ಮಂದಿರ ಹಾಗೆ. ಒಬ್ಬನ ರಕ್ತ ಇನ್ನೊಬ್ಬನಿಗೆ ಹರಿಯುತ್ತಿತ್ತು. ವಾರ್ಡಿನ ಕಿಟಕಿಗಳು ಎತ್ತರವಾಗಿದ್ದವು. ಮಧ್ಯಾಹ್ನದ ಬಿಸಿಲು ನೆಲದ ಮೇಲೆ ಉದ್ದುದ್ದವಾಗಿ ಬಿದ್ದು, ಸರಿದು, ಎದುರಿನ ಮಂಚ ಹತ್ತುತ್ತಿತ್ತು. ಪಂಢರಿನಾಥ ಅದನ್ನೇ ನೋಡುತ್ತ ಮಲಗಿರುತ್ತಿದ್ದ. ನಿದ್ದೆಯಲ್ಲಿ ಅವನು ಒಂದು ಉದ್ದನೆಯ ಸಾಲು ಜೋಡಿಸುತ್ತಿದ್ದ. ಸಾಲು ಕಿಟಕಿಯಿಂದಾಚೆ ಹೋಗಿ, ಬೀದಿ ದಾಟಿ, ಮರಳಿನ ಮೇಲೆ ಸಾಗಿ ಅಲೆಯವರೆಗೆ ಮುಟ್ಟುತ್ತಿತ್ತು. ಎದ್ದಾಗ ಏನು ಬರೆದಿತ್ತೆಂದು ನೆನಪಿರುತ್ತಿರಲಿಲ್ಲ.

ಬೇಬಿ ಡ್ಯೂಟಿಯ ನಡುವೆ ಬಂದು ಬೆರಳಿನ ಬಣ್ಣ ನೋಡಿ ಹೋಗುತ್ತಿದ್ದಳು. "ಕೆಂಪಗುಂಟು. ಒಳ್ಳೆದುಂಟು" ಎಂದು ಅಷ್ಟೇ ಹೇಳುತ್ತಿದ್ದಳು. ಗೋದಾಬಾಯಿ ದಿನವೂ ಹುಳಿಯನ್ನ ತರುತ್ತಿದ್ದರು. ಆದರೆ ಕಟ್ಟಿನ ಕಡೆ ನೋಡುತ್ತಿರಲಿಲ್ಲ.

ಹದಿನೆಂಟನೆಯ ದಿನ ಎರಡು ಬೆರಳನ್ನೂ ಬಿಡಿಸಿದರು. ತೋರುಬೆರಳಿಗೆ ಹೊಸ ಚರ್ಮ ಬಂದಿತ್ತು. ಸ್ವಲ್ಪ ಉಬ್ಬಿಕೊಂಡು, ಬೇರೆ ಬಣ್ಣದ್ದಾಗಿ, ಆದರೆ ಬದುಕಿತ್ತು. ಗೋದಾಬಾಯಿ ಮೊದಲ ಸಲ ಬಗ್ಗಿ ನೋಡಿದರು. "ಬೆರಳು ಇದೆ" ಎಂದರು.

"ಇದೆಯಮ್ಮ. ಆದರೆ ಇನ್ನೂ ನಿದ್ದೆಯಲ್ಲಿದೆ" ಎಂದರು ಡಾಕ್ಟರು. "ಅದಕ್ಕೆ ಬಿಸಿ ಗೊತ್ತಾಗಲ್ಲ, ಚೂಪು ಗೊತ್ತಾಗಲ್ಲ. ಜೋಪಾನ. ದಿನಾ ಗೆಣ್ಣು ಮಡಿಸಿ ಬಿಡಿಸಿ, ಇಲ್ಲದಿದ್ರೆ ಸೆಟೆದುಕೊಳ್ಳುತ್ತೆ."

ಮನೆಗೆ ಬಂದ ಎರಡನೆಯ ದಿನವೇ ಅದು ನಿಜವೆಂದು ತಿಳಿಯಿತು. ಪಂಢರಿನಾಥ ಕಾಫಿಯ ಲೋಟ ಹಿಡಿದು ಜಗುಲಿಯಲ್ಲಿ ಮಾತಾಡುತ್ತ ಕುಳಿತಿದ್ದ. ಲೋಟ ಕೆಳಗಿಟ್ಟಾಗ ಬೆರಳಿನಲ್ಲಿ ದೊಡ್ಡ ಬೊಬ್ಬೆ. ಅವನಿಗೆ ಏನೂ ಗೊತ್ತಾಗಿರಲಿಲ್ಲ. ಅಂದಿನಿಂದ ಜಯಲಕ್ಷ್ಮೀ ಬಿಸಿಯದ್ದೇನಿದ್ದರೂ ಅವನ ಎಡಗೈಗೇ ಕೊಡತೊಡಗಿದಳು. ಗುಂಡಣ್ಣ, "ಕೈ ಸುಧಾರಿಸೋವರೆಗೂ ಪ್ರೂಫ್ ನೋಡು, ಕಣ್ಣಂತೂ ಚೆನ್ನಾಗಿದೆಯಲ್ಲ" ಎಂದು ಹೇಳಿ ಕಳಿಸಿದರು.

ಬೇಬಿ ಒಂದು ಆಟ ಹೇಳಿಕೊಟ್ಟಳು. ಡಾಕ್ಟರು ಹೇಳಿದ ಅಭ್ಯಾಸವೇ ಅದು. ದಿನವೂ ಸಂಜೆ ದೀಪ ಹಚ್ಚಿದ ಮೇಲೆ ಪಂಢರಿನಾಥ ಕಣ್ಣು ಮುಚ್ಚಿ ಕೂರಬೇಕು. ಜಯಲಕ್ಷ್ಮೀ ಅವನ ಬೆರಳಿಗೆ ಒಂದೊಂದು ಪದಾರ್ಥ ಕೊಡಬೇಕು. ಹುಣಸೆಬೀಜ, ಶರ್ಟಿನ ಗುಂಡಿ, ತೊಗರಿಬೇಳೆ, ದಾರದ ಉಂಡೆ, ಮಲ್ಲಿಗೆ ಮೊಗ್ಗು. ಅವನು ಹೇಳಬೇಕು. ತಪ್ಪಾದರೆ ಕಣ್ಣು ಬಿಟ್ಟು ನೋಡಿ, ಮತ್ತೆ ಮುಚ್ಚಿ, ಮತ್ತೆ ಮುಟ್ಟಬೇಕು.

ಮೊದಲ ತಿಂಗಳು ಎಲ್ಲವೂ ಒಂದೇ. ಮೊಗ್ಗಾದರೂ ಒಂದೇ, ಗುಂಡಿಯಾದರೂ ಒಂದೇ. ಮಂಜಿನೊಳಗೆ ಕೈಯಾಡಿಸಿದ ಹಾಗೆ. ಎರಡನೆಯ ತಿಂಗಳು ಇರುವೆ ಹರಿದಂತೆ ಜುಮುಜುಮು ಶುರುವಾಯಿತು. ಒಮ್ಮೊಮ್ಮೆ ತುದಿ ಮುಟ್ಟಿದರೆ ಪಕ್ಕದಲ್ಲಿ ಎಲ್ಲೋ ಮುಟ್ಟಿದಂತಾಗುತ್ತಿತ್ತು. ಬೇಬಿಗೆ ಹೇಳಿದರೆ ಅವಳು ನಕ್ಕಳು. "ನರ ದಾರಿ ಹುಡುಕ್ತಾ ಉಂಟು ಅಣ್ಣ. ಹೊಸ ಊರಲ್ಲಿ ಮನೆ ಹುಡುಕಿದ ಹಾಗೆ. ಬಿಡ್ಬೇಡಿ."

ಕಾರ್ತಿಕದ ಒಂದು ಸಂಜೆ. ಹೊರಗೆ ಮಳೆ ಸಣ್ಣಗೆ ಬಾವಿಕಟ್ಟೆಯ ಮೇಲೆ ಬೀಳುತ್ತಿತ್ತು. ಎಂದಿನಂತೆ ಆಟ ನಡೆದಿತ್ತು. ಗೋದಾಬಾಯಿ ಗೋಡೆಗೆ ಒರಗಿ ಹೂಬತ್ತಿ ಹೊಸೆಯುತ್ತಿದ್ದರು. ಜಯಲಕ್ಷ್ಮೀ ಬೇಸರ ಕಳೆಯಲೆಂದು, "ಅತ್ತೆ, ನೀವೂ ಬನ್ನಿ, ಕಣ್ಣು ಮುಚ್ಚಿ" ಎಂದಳು.

ಗೋದಾಬಾಯಿ ಬರುವುದಿಲ್ಲವೆಂದೇ ಅವಳು ಎಣಿಸಿದ್ದಳು. ಅವರು ಬಂದರು. ಕಣ್ಣು ಮುಚ್ಚಿ ಎಡಗೈಯ ತೋರುಬೆರಳು ಮುಂದೆ ಚಾಚಿದರು. ಜಯಲಕ್ಷ್ಮೀ ಅದರ ಮೇಲೆ ಒಂದು ತೊಗರಿಬೇಳೆ ಇಟ್ಟಳು. ಗೋದಾಬಾಯಿ ಬೆರಳು ಚಾಚಿಕೊಂಡೇ ಕಾದರು.

"ಹೇಳಿ ಅತ್ತೆ."

"ನೀನು ಕೊಡು, ಹೇಳ್ತೀನಿ."

"ಕೊಟ್ಟಿದೀನಿ."

ಗೋದಾಬಾಯಿ ಕಣ್ಣು ಬಿಟ್ಟು ಬೇಳೆಯನ್ನು ನೋಡಿದರು.

"ನನಗೆ ಹದಿನೈದು ವರ್ಷ ಆವಾಗ" ಎಂದರು. "ಕುಂಭಕೋಣದ ಮನೆ. ಈಳಿಗೆಮಣೆ ಮೇಲೆ ಬಾಳೆಕಾಯಿ ಹೆಚ್ಚುತಾ ಇದ್ದೆ. ಅಲಗು ಬೆರಳಿನ ಪಕ್ಕ ಇಳೀತು. ಅತ್ತೆ ಸುಣ್ಣ ಇಟ್ಟು ಕಟ್ಟಿದ್ರು. ಹತ್ತು ದಿನಕ್ಕೆ ಒಣಗ್ತು. ಎಲ್ಲರೂ ವಾಸಿಯಾಯ್ತು ಅಂದ್ರು. ನಾನೂ ಹಾಗೇ ಅಂದೆ."

"ಅಮ್ಮ, ಆ ಬೆರಳಿಗೆ ಏನೂ ಗೊತ್ತಾಗಲ್ವಾ?" ಪಂಢರಿನಾಥ ಕೇಳಿದ.

"ನಲವತ್ತೆರಡು ವರ್ಷ ಆಯ್ತು. ಎಷ್ಟು ಸಲ ಸುಟ್ಟುಕೊಂಡಿದೀನೋ. ವಾಸನೆ ಬಂದ ಮೇಲೆ ನೋಡೋದು." ಅವರು ಬೇಳೆಯನ್ನು ಇನ್ನೊಂದು ಬೆರಳಿನಿಂದ ಉರುಳಿಸುತ್ತಿದ್ದರು. "ನೀನು ಹುಟ್ಟಿದಾಗ ಮೊದಲು ಈ ಬೆರಳಿಂದಲೇ ನಿನ್ನ ಕೆನ್ನೆ ಮುಟ್ಟಿದ್ದು. ಕೆನ್ನೆ ಇದೆಯೋ ಇಲ್ಲವೋ ತಿಳೀಲಿಲ್ಲ. ಹೆದರಿಕೆ ಆಯ್ತು. ಅಪ್ಪುರಂ ಬಲಗೈಲಿ ಮುಟ್ಟಿ ನೋಡಿಕೊಂಡೆ."

"ಯಾಕಮ್ಮ ಯಾರಿಗೂ ಹೇಳಲಿಲ್ಲ?"

"ಬೆರಳು ಕಣ್ಣಿಗೆ ಕಾಣ್ತಾ ಇದೆಯಲ್ಲಪ್ಪ. ಇರೋ ಬೆರಳನ್ನ ಇಲ್ಲ ಅಂತ ಹೇಗೆ ಹೇಳೋದು?"

ಜಯಲಕ್ಷ್ಮೀ ಅತ್ತೆಯ ಕೈ ಹಿಡಿದುಕೊಂಡಳು. ಗೋದಾಬಾಯಿ ಹಿಡಿಸಿಕೊಂಡು ಕುಳಿತರು. ಆಸ್ಪತ್ರೆಯಲ್ಲಿ ಅವರು ಏಕೆ ಕಟ್ಟಿನ ಕಡೆ ನೋಡುತ್ತಿರಲಿಲ್ಲ ಎಂಬುದು ಆಗ ಮಗನಿಗೆ ತಿಳಿಯಿತು. ತನಗೆ ಸಿಗದೇ ಹೋದದ್ದು ಯಾರಿಗೂ ಸಿಗುವುದಿಲ್ಲವೆಂದೇ ಅವರು ನಂಬಿದ್ದರು.

ಮುಂದಿನ ವಾರ ಮಗನನ್ನು ತೋರಿಸಲು ಹೋದಾಗ ಗೋದಾಬಾಯಿಯೂ ಕೈ ಮುಂದೆ ಮಾಡಿದರು. ಡಾಕ್ಟರು ಹತ್ತಿಯ ಎಳೆಯಿಂದ, ಸೂಜಿಯ ಮೊನೆಯಿಂದ ನಿಧಾನವಾಗಿ ಪರೀಕ್ಷೆ ಮಾಡಿದರು. ಆಮೇಲೆ ಕನ್ನಡಕ ತೆಗೆದಿಟ್ಟರು.

"ಅಮ್ಮ, ಕೆಲವು ತಿಂಗಳ ಮೇಲೆ ಬಂದವರಿಗೂ ನಾವು ನರ ಜೋಡಿಸಿದ್ದಿದೆ. ಆದರೆ ನಲವತ್ತೆರಡು ವರ್ಷ ಅಂದ್ರೆ ತುಂಬ ತಡ. ಸುಳ್ಳು ಆಸೆ ಕೊಡಲ್ಲ. ಬಿಸಿ ಪಾತ್ರೆಗೆ ಆ ಕೈ ಹಾಕಬೇಡಿ."

"ಆವತ್ತು ಬಂದಿದ್ರೆ?"

"ಆವತ್ತು ಇದನ್ನ ಮಾಡೋರು ಇಲ್ಲಿ ಯಾರಾದ್ರೂ ಇದ್ರೋ ಇಲ್ವೋ. ಈಗ ಇದೀವಿ."

ಗೋದಾಬಾಯಿ ತಲೆಯಾಡಿಸಿದರು. ಬರುವಾಗ ಬಸ್ಸಿನಲ್ಲಿ ಅವರು ಒಂದೇ ಒಂದು ಮಾತಾಡಿದರು. "ಒಳ್ಳೆ ಹುಡುಗ. ಸುಳ್ಳು ಹೇಳಲಿಲ್ಲ."

ಧನುರ್ಮಾಸ ಮುಗಿಯುವ ಹೊತ್ತಿಗೆ ಪಂಢರಿನಾಥ ಕಣ್ಣು ಮುಚ್ಚಿಕೊಂಡೇ ಮೊಗ್ಗನ್ನು ಮೊಗ್ಗು ಎಂದು, ಗುಂಡಿಯನ್ನು ಗುಂಡಿ ಎಂದು ಹೇಳುತ್ತಿದ್ದ. ಗುಂಡಿಗೆ ಎಷ್ಟು ತೂತು ಎಂಬುದು ಮಾತ್ರ ಇನ್ನೂ ತಪ್ಪುತ್ತಿತ್ತು. ಸಂಕ್ರಾಂತಿಯ ಮಾರನೆಯ ದಿನ ಪ್ರೆಸ್ಸಿಗೆ ಹೋಗಿ ಮೊಳೆಗಳ ಮುಂದೆ ನಿಂತ. ಒಂದು ಮೊಳೆ ಎತ್ತಿದ. ಹೆಬ್ಬೆರಳಿಗೆ ಸಿಕ್ಕಿತು, ತೋರುಬೆರಳಿಗೆ ಮಸುಕು. ತಿರುಗಿಸಿದ. ದೂರದಿಂದ ಯಾರೋ ಹೆಸರು ಹಿಡಿದು ಕರೆದ ಹಾಗೆ, ತೀರ ಸಣ್ಣಗೆ, ಗೀರು ತಾಗಿತು. ಅವನು ಕಣ್ಣು ಮುಚ್ಚಿಕೊಂಡು ಸುಮಾರು ಹೊತ್ತು ಹಾಗೇ ನಿಂತ. ಗುಂಡಣ್ಣ ಕಂಡರೂ ಕಾಣದವರಂತೆ ಲೆಡ್ಜರ್ ತಿರುವುತ್ತಿದ್ದರು.

ಅವನ ಹಳೆಯ ವೇಗ ಪೂರ್ತಿ ಬರಲಿಲ್ಲ. ಮಾರ್ಗಶಿರದ ಚಳಿಗೆ ಇಂದಿಗೂ ಬೆರಳು ಸ್ವಲ್ಪ ಜೋಮು ಹಿಡಿಯುತ್ತದೆ. ಆದರೆ ಅವನು ಮತ್ತೆ ಕಂಪೋಸಿಟರ್. ಮೆಷಿನ್ ಪೂರ್ತಿ ನಿಲ್ಲುವವರೆಗೂ ಯಾರೂ ಕೈ ಹಾಕಬಾರದೆಂದು ಗುಂಡಣ್ಣ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಮಾಡಿಸಿ ಅಂಟಿಸಿದ್ದಾರೆ.

ಇನ್ನು ಗೋದಾಬಾಯಿಯ ವಿಷಯ. ಆ ಫಾಲ್ಗುಣದಲ್ಲಿ ಒಂದು ದಿನ ಬೆಳಿಗ್ಗೆ ಐತಪ್ಪ ಹೋಟೆಲಿನಿಂದ ಓಡಿ ಬಂದ. ಕುಂಬಳಕಾಯಿ ಸೀಳುವಾಗ ಕತ್ತಿ ಜಾರಿ ಎಡಗೈಯ ಎರಡು ಬೆರಳು ಕೊಯ್ದುಹೋಗಿದ್ದವು. ಬೇಬಿ ಡ್ಯೂಟಿಯಲ್ಲಿದ್ದಳು. ಗೋದಾಬಾಯಿ ಸ್ನಾನ ಮಾಡಿ ಒದ್ದೆ ಮಡಿಸೀರೆಯಲ್ಲಿ ಬಾವಿಕಟ್ಟೆಯ ಹತ್ತಿರವೇ ನಿಂತಿದ್ದರು. ಮಡಿಯಲ್ಲಿದ್ದಾಗ ಅವರು ಮಗನನ್ನೂ ಮುಟ್ಟುವವರಲ್ಲ. ಅಂಥವರು ಕೊಡ ಕೆಳಗಿಟ್ಟು ಹೋಗಿ ಅವನ ಕೈ ಹಿಡಿದರು.

"ಇಲ್ಲಿ ಬಾರಪ್ಪ. ಕೂತ್ಕೋ. ಜಯಾ, ಕುದಿಸಿ ಆರಿಸಿದ ನೀರು ತಾ. ಒಗೆದ ಪಂಚೆ ತಾ."

"ಅಮ್ಮ, ನಿಮ್ಮ ಮಡಿ ಹಾಳಾಗ್ತದೆ" ಎಂದ ಐತಪ್ಪ.

"ಇನ್ನೊಂದು ಸ್ನಾನ ಮಾಡಿದ್ರೆ ಮಡಿ ಬರುತ್ತೆ. ಕಣ್ಣು ಮುಚ್ಚು. ನಾನು ಮುಟ್ಟಿದ್ದು ಗೊತ್ತಾಗ್ತಾ ಇದೆಯಾ, ಹೇಳು."

ಒಂದು ಬೆರಳಿಗೆ ಗೊತ್ತಾಗುತ್ತಿತ್ತು, ಇನ್ನೊಂದಕ್ಕೆ ಇಲ್ಲ. ಗೋದಾಬಾಯಿ ಗಾಯಕ್ಕೆ ನೀರು ಹೊಯ್ದು, ಬಟ್ಟೆ ಸುತ್ತಿ, ಅವನ ಕೈಯನ್ನು ಅವನ ಹೆಗಲಿಗೇ ಒರಗಿಸಿ ಎತ್ತಿ ಹಿಡಿಸಿದರು. ರಿಕ್ಷಾದಲ್ಲಿ ಅವನ ಪಕ್ಕದಲ್ಲಿ ತಾವೇ ಕುಳಿತರು. ಆಸ್ಪತ್ರೆಯಲ್ಲಿ ಬೇಬಿ ಗಂಡನನ್ನು ನೋಡುವ ಮೊದಲು ಕಂಡದ್ದು ಒದ್ದೆ ಸೀರೆಯಲ್ಲಿ ನಿಂತ ಗೋದಮ್ಮನನ್ನು.

"ಕರಕೊಂಡು ಬಂದಿದೀನಿ ಬೇಬಿ. ನರ ಕಡಿದಿದೆ ಅನ್ಸುತ್ತೆ. ಡಾಕ್ಟರಿಗೆ ಹೇಳು" ಎಂದರು ಅವರು.

ಅಂದೇ ನರ ಜೋಡಿಸಿದರು. ಗಾಯ ಶುದ್ಧವಾಗಿತ್ತು, ತಡವಾಗಿರಲಿಲ್ಲ.

ಓದುವ ತಾಯಂದಿರೇ, ಅಣ್ಣಂದಿರೇ, ಅಕ್ಕಂದಿರೇ, ಇದು ನಾಳೆ ನಿಮ್ಮ ಮನೆಯಲ್ಲೂ ಆಗಬಹುದು. ಕತ್ತಿ ಎಲ್ಲರ ಅಡುಗೆಮನೆಯಲ್ಲಿದೆ, ಬಾಗಿಲ ಸಂದಿ ಎಲ್ಲರ ಮನೆಯಲ್ಲಿದೆ, ಮೆಷಿನ್ನಿನ ಮುಂದೆ ದುಡಿಯುವವರು ಊರ ತುಂಬ ಇದ್ದಾರೆ. ಬೆರಳಿಗೆ ಗಾಯವಾದರೆ ಪುಡಿ, ಸುಣ್ಣ, ಸೊಪ್ಪು, ಸಗಣಿ ಯಾವುದನ್ನೂ ಹಚ್ಚಬೇಡಿ. ಶುದ್ಧ ನೀರಿನಲ್ಲಿ ತೊಳೆಯಿರಿ. ರಕ್ತ ಬರುತ್ತಿದ್ದರೆ ಒಗೆದ ಬಟ್ಟೆಯಿಂದ ಒತ್ತಿ ಹಿಡಿಯಿರಿ, ಕೈ ಎತ್ತಿ ಹಿಡಿಯಿರಿ, ಉಸಿರುಗಟ್ಟುವಂತೆ ದಾರ ಬಿಗಿಯಬೇಡಿ. ಚರ್ಮ ಅಥವಾ ತುಂಡು ಕಿತ್ತುಬಂದಿದ್ದರೆ ಎಸೆಯದೆ ಒದ್ದೆ ಶುಭ್ರ ಬಟ್ಟೆಯಲ್ಲಿ ಸುತ್ತಿ ಜೊತೆಗೆ ತನ್ನಿ. ಉಪಯೋಗಕ್ಕೆ ಬರುತ್ತದೋ ಇಲ್ಲವೋ ಡಾಕ್ಟರು ಹೇಳುತ್ತಾರೆ. ಅದೇ ದಿನ, ಆದಷ್ಟು ಬೇಗ ಆಸ್ಪತ್ರೆಗೆ ಹೋಗಿ. ಗಾಯ ಎಷ್ಟೇ ಸಣ್ಣದಿರಲಿ, ಬೆರಳಿಗೆ ಸ್ಪರ್ಶ ಗೊತ್ತಾಗದಿದ್ದರೆ, ಮಡಿಸಲು ಆಗದಿದ್ದರೆ, ಅದು ಸಣ್ಣ ಗಾಯವಲ್ಲ. ಆಪರೇಷನ್ ಆದ ಮೇಲೆ ಅಭ್ಯಾಸ ಬಿಡಬೇಡಿ, ಬಿಸಿಯಿಂದ ದೂರವಿರಿ, ತಿಂಗಳುಗಟ್ಟಲೆ ತಾಳ್ಮೆ ಇರಲಿ.

ಇದನ್ನು ಓದಿ ಮುಗಿಸಿದ ಮೇಲೆ ಇನ್ನೊಂದು ಕೆಲಸ ಮಾಡಿ. ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕುಳಿತಾಗ, ಹಿರಿಯರನ್ನೂ ಸೇರಿಸಿ, ಒಬ್ಬೊಬ್ಬರ ಕೈಯನ್ನೂ ಹಿಡಿದು ಕೇಳಿ. "ಇದರಲ್ಲಿ ಮುಟ್ಟಿದರೆ ಗೊತ್ತಾಗದ ಬೆರಳು ಯಾವುದಾದರೂ ಇದೆಯಾ?" ಅವರು ಸುಮ್ಮನಾದರೆ ಸ್ವಲ್ಪ ಹೊತ್ತು ಕಾಯಿರಿ. ಇದೆ ಎಂದರೆ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ.